ಕಳುವಾಗಿ ಸಿಕ್ಕಿದ ಬೈಕು ಕೊಳ್ಳಬಹುದಾ?

ಪ್ರಶ್ನೆ: ನಮ್ಮೂರು ಶ್ರೀನಿವಾಸಪುರದ ಹತ್ತಿರ. ತೋಟಕ್ಕೂ ಮಂಡಿಗೂ ಓಡಾಡಲು ಒಂದು ಸೆಕೆಂಡ್ ಹ್ಯಾಂಡ್ ಬೈಕು ನೋಡಿದ್ದೇನೆ. ಕೋಲಾರದವರದು, ಕೆಎ 07 ನಂಬರು. ಹಿಂದೆ ಕಳುವಾಗಿತ್ತು, ಪೊಲೀಸರು ಹಿಡಿದು ಕೊಟ್ಟರು ಅಂತ ಮಾಲೀಕರೇ ಹೇಳಿದರು. ಆರ್.ಸಿ. ಅವರ ಹೆಸರಲ್ಲೇ ಇದೆ. ಅಂಥದೇ ಬೇರೆ ಗಾಡಿಗಿಂತ ಎಂಟು ಸಾವಿರ ಕಮ್ಮಿ. ತಗೊಳ್ಳಲಾ?

ಉತ್ತರ: ತಗೊಳ್ಳಬಹುದು. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಅವರ ಹತ್ತಿರ ಒಂದು ಕಾಗದ ಕೇಳಿ. ಆರ್.ಸಿ. ಅಲ್ಲ, ಗಾಡಿ ಬಿಟ್ಟುಕೊಟ್ಟ ಕೋರ್ಟಿನ ಆದೇಶ.

‘ಪೊಲೀಸರು ಕೊಟ್ಟರು’ ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಕಳ್ಳನ ಹತ್ತಿರ ಜಪ್ತಿ ಆದ ಗಾಡಿ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷ್ಯದ ವಸ್ತು. ಅದನ್ನು ಬಿಡುವುದು ಕೋರ್ಟು. ಠಾಣೆಯ ಅಂಗಳದಲ್ಲಿ ಗಾಡಿಗಳನ್ನು ವರ್ಷಗಟ್ಟಲೆ ಕೊಳೆಸಬೇಡಿ, ಬಾಂಡ್ ಬರೆಸಿಕೊಂಡು ಬಿಟ್ಟುಕೊಡಿ ಅಂತ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಮಾಲೀಕರಿಗೆ ಗಾಡಿ ಬೇಗ ಸಿಗುತ್ತದೆ. ಆದರೆ ಸಿಗುವುದು ಮಧ್ಯಂತರ ಕಸ್ಟಡಿಗೆ, ಅಂದರೆ ಕೇಸು ಮುಗಿಯುವ ತನಕ ಇಟ್ಟುಕೊಳ್ಳಲು ಮಾತ್ರ. ಸಾಮಾನ್ಯವಾಗಿ ಆ ಆದೇಶದಲ್ಲಿ ಷರತ್ತುಗಳಿರುತ್ತವೆ: ಕೇಸು ಮುಗಿಯುವ ತನಕ ಮಾರಬಾರದು, ಬಣ್ಣ, ರೂಪ ಬದಲಿಸಬಾರದು, ಕರೆದಾಗ ತಂದು ನಿಲ್ಲಿಸಬೇಕು. ಆರ್.ಸಿ.ಯಲ್ಲಿ ಇದರ ಒಂದು ಸಾಲೂ ಇರುವುದಿಲ್ಲ.

ನಮ್ಮ ಭಾವನ ಬೈಕು ಹೀಗೇ ಹೋಗಿ, ಐದು ತಿಂಗಳಿಗೆ ಸಿಕ್ಕಿತ್ತು. ಬಾಂಡ್ ಬರೆದುಕೊಟ್ಟು ತಂದರು. ಎಲ್ಲ ಮರೆತು ಮೂರು ವರ್ಷ ಆದ ಮೇಲೆ ಸಾಕ್ಷಿ ಹೇಳಲು ಸಮನ್ಸ್ ಬಂತು, ಗಾಡಿಯನ್ನೂ ತನ್ನಿ ಅಂತ. ನಡುವೆ ಎರಡು ಸಲ ಅದನ್ನು ಮಾರಲು ಹೊರಟಿದ್ದರು. ಮಾರಿದ್ದರೆ ಕೊಂಡವರ ಮನೆ ಹುಡುಕಿ, ಕೈ ಮುಗಿದು ಗಾಡಿ ಕೇಳಬೇಕಿತ್ತು. ಆ ಕೊಂಡವರ ಜಾಗದಲ್ಲಿ ಈಗ ನೀವಿದ್ದೀರಿ.

ಕೇಸು ಮುಗಿದಿದೆಯಾ ಅಂತ ನೀವೇ ನೋಡಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರು, ವರ್ಷ ಹಾಕಿದರೆ ಕೇಸಿನ ಸ್ಥಿತಿ ಬರುತ್ತದೆ. 2024ರ ಜುಲೈ 1ಕ್ಕೆ ಮುಂಚಿನ ಕಳವಾದರೆ ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಐಪಿಸಿ 379 ಅಂತಿರುತ್ತದೆ, ಆಮೇಲಿನದಾದರೆ ಐಪಿಸಿ ಬದಲು ಬಂದ ಹೊಸ ಕಾನೂನು ಬಿಎನ್‌ಎಸ್‌ನ 303. ಗಾಡಿ ಹೋದ ಜಾಗ, ಸಿಕ್ಕ ಜಾಗ ಎರಡನ್ನೂ ಕೇಳಿ. ನಮ್ಮದು ಗಡಿ ಜಿಲ್ಲೆ, ನಂಗಲಿ ದಾಟಿದರೆ ಆಂಧ್ರ ಅಲ್ವಾ, ಕೇಸು ಅಲ್ಲಿನ ಕೋರ್ಟಿನಲ್ಲೂ ಇರಬಹುದು. ಕೇಸು ಮುಗಿದಿದ್ದರೆ ತೀರ್ಪಿನ ಕೊನೆಯ ಭಾಗ ಓದಿ. ಗಾಡಿಯನ್ನು ಮಾಲೀಕರಿಗೇ ಖಾಯಂ ಮಾಡಿದ್ದಾರೆ ಅಂತ ಇದ್ದರೆ ಆ ಚಿಂತೆ ಹೋಯಿತು. ಇನ್ನೂ ನಡೆಯುತ್ತಿದ್ದರೆ, ಮಾರಲು ಅನುಮತಿ ಕೇಳಿ ಅವರು ವಕೀಲರ ಮೂಲಕ ಅರ್ಜಿ ಹಾಕಬಹುದು. ಅನುಮತಿ ಬರುವ ತನಕ ದುಡ್ಡು ಕೊಡಬೇಡಿ.

ಇನ್ನೊಂದು ಮಾತು ವಿಮೆಯದು. ಕಳುವಾದಾಗ ಕಂಪನಿಯಿಂದ ಕ್ಲೇಮ್ ತಗೊಂಡಿದ್ದರಾ? ತಗೊಂಡಿದ್ದರೆ ಆಮೇಲೆ ಸಿಕ್ಕ ಗಾಡಿಯ ಮೇಲೆ ಹಕ್ಕು ಕಂಪನಿಯದು, ಮಾಲೀಕರು ಮಾರುವ ಹಾಗಿಲ್ಲ. ಆ ವರ್ಷದ ಪಾಲಿಸಿ ತೋರಿಸಲು ಹೇಳಿ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಕಳವಿಗೆ ದುಡ್ಡೇ ಬರುವುದಿಲ್ಲ, ಈ ಅನುಮಾನ ಅಲ್ಲಿಗೆ ಮುಗಿಯಿತು. ಫುಲ್ ಇನ್ಶೂರೆನ್ಸ್ ಇದ್ದರೆ ಗಾಡಿಯ ಎರಡೂ ಕೀ ಕೇಳಿ. ಕ್ಲೇಮ್ ಕೊಡುವಾಗ ಕಂಪನಿಯವರು ಎರಡೂ ಕೀ ವಾಪಸ್ ತಗೊಳ್ಳುತ್ತಾರೆ. ಗಾಡಿ ಜೊತೆ ಬಂದ ಒರಿಜಿನಲ್ ಕೀಗಳು ಇನ್ನೂ ಮಾಲೀಕರ ಮನೆಯಲ್ಲೇ ಇದ್ದರೆ ಒಳ್ಳೆಯ ಗುರುತು. ಕಳವಿನಲ್ಲಿ ಲಾಕ್ ಒಡೆದು ಹೊಸದು ಹಾಕಿಸಿರುವುದೂ ಉಂಟು, ಆಗ ಹಳೆಯ ಕೀಗಳನ್ನು ತೋರಿಸಲಿ.

ಗಾಡಿ ನೋಡಲು ಹಗಲಲ್ಲೇ ಹೋಗಿ. ಹ್ಯಾಂಡಲ್ ತಿರುಗಿಸಿ, ಕತ್ತಿನ ಹತ್ತಿರ ಚಾಸಿಸ್ ನಂಬರು ನೋಡಿ. ಹದಿನೇಳು ಅಕ್ಷರ, ಅಂಕಿ. ಬೆರಳಲ್ಲಿ ಸವರಿ ನೋಡಿ. ಉಜ್ಜಿದ ಗುರುತು, ಮೇಲೆ ಬಳಿದ ಬಣ್ಣ, ಸೊಟ್ಟ ಅಂಕಿ ಕಂಡರೆ ಆ ಗಾಡಿ ಬೇಡವೇ ಬೇಡ. ಇಂಜಿನ್ ನಂಬರನ್ನೂ ಆರ್.ಸಿ. ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಕಳ್ಳರು ವೈರ್ ಕತ್ತರಿಸಿ ಸ್ಟಾರ್ಟ್ ಮಾಡುವುದು ಜಾಸ್ತಿ, ಹಾಗಾಗಿ ಹೆಡ್‌ಲೈಟ್ ಹಿಂದೆ ಟೇಪ್ ಸುತ್ತಿದ ವೈರ್ ಇದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ. ಠಾಣೆಯ ಬಿಸಿಲು ಮಳೆಗೆ ನಿಂತಿದ್ದರೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿರಬಹುದು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ನೀವು ಹೇಳಿದ ಎಂಟು ಸಾವಿರದಲ್ಲಿ ದೊಡ್ಡ ಪಾಲು ಈ ಎರಡಕ್ಕೇ ಹೋಗಬಹುದು.

ಎಲ್ಲ ಸರಿ ಬಂದರೆ ಉಳಿದದ್ದು ಮಾಮೂಲು. ಆರ್‌ಟಿಒದ 29 ಮತ್ತು 30ನೇ ನಮೂನೆಗೆ ಸಹಿ ಹಾಕಿಸಿ, ತಿಂಗಳೊಳಗೆ ಹೆಸರು ಬದಲಾಯಿಸಿಕೊಳ್ಳಿ. ವಿಮೆಯೂ ನಿಮ್ಮ ಹೆಸರಿಗೆ ಬರಲಿ. ಸಹಿ ಮಾಡಿದ ಖಾಲಿ ನಮೂನೆ ಮನೆಯಲ್ಲಿಟ್ಟು ಸುಮ್ನೆ ಓಡಿಸಬೇಡಿ. ಕೋರ್ಟಿನ ಆದೇಶದ ಒಂದು ಪ್ರತಿ ಆರ್.ಸಿ. ಜೊತೆಗೇ ಇರಲಿ, ನಾಳೆ ನೀವು ಮಾರುವಾಗಲೂ ಅದು ಬೇಕು.

ಕಳುವಾಗಿದ್ದ ವಿಷಯವನ್ನು ಆ ಮಾಲೀಕರು ತಾವಾಗೇ ಹೇಳಿದ್ದಾರೆ. ಎಷ್ಟೋ ಜನ ಹೇಳುವುದೇ ಇಲ್ಲ. ಅಂಥವರ ಹತ್ತಿರ ಆದೇಶದ ಪ್ರತಿ ಕೇಳಲು ಸಂಕೋಚ ಬೇಡ, ಕೊಟ್ಟಾರು.