ಸೊನ್ನೆ ಪ್ರವಾಹದ ಆಸುಪಾಸಿನಲ್ಲಿ: ಶಾಶ್ವತ ಕಾಂತ ಮೋಟಾರು ಡ್ರೈವ್‌ಗಳ ವೋಲ್ಟೇಜ್ ವಿರೂಪ

ಶಾಶ್ವತ ಕಾಂತದ ಮೋಟಾರೊಂದು ಹೆಚ್ಚು ವೇಗದಲ್ಲಿ ನಯವಾಗಿ ಓಡಿ, ನಿಧಾನಗೊಳಿಸಿದೊಡನೆ ತಡವರಿಸತೊಡಗಿದರೆ, ಹೆಚ್ಚಿನವರು ಮೊದಲು ಅನುಮಾನಿಸುವುದು ಬೇರಿಂಗನ್ನು, ಎನ್‌ಕೋಡರನ್ನು ಅಥವಾ ವೇಗ ನಿಯಂತ್ರಕದ ಗೇನನ್ನು. ಆದರೆ ಆ ತಡವರಿಕೆಯ ಆವರ್ತನವು ಮೋಟಾರಿನ ವಿದ್ಯುತ್ ಆವರ್ತನದ ಸರಿಯಾಗಿ ಆರು ಪಟ್ಟು ಇದ್ದು, ವೇಗದ ಜೊತೆಗೇ ಬದಲಾಗುತ್ತಿದ್ದರೆ, ನಾನು ಮೊದಲು ನೋಡುವುದು ಇನ್ವರ್ಟರಿನ (ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿಯಾಗಿ ಬದಲಿಸುವ ಸ್ವಿಚ್‌ಗಳ ಮಂಡಲದ) ಡೆಡ್ ಟೈಮನ್ನು. ನಾಲ್ಕು ಜೋಡಿ ಧ್ರುವಗಳ ಮೋಟಾರು ನಿಮಿಷಕ್ಕೆ 60 ಸುತ್ತು ತಿರುಗುವಾಗ ವಿದ್ಯುತ್ ಆವರ್ತನ 4 ಹರ್ಟ್ಸ್ ಇರುತ್ತದೆ. ಟಾರ್ಕಿನ ಏರಿಳಿತ 24 ಹರ್ಟ್ಸ್‌ನಲ್ಲಿ ಕಾಣಿಸುತ್ತದೆ. ಮೋಟಾರಿನ ಸ್ವಂತ ದೋಷಗಳೂ ಇದೇ ಆವರ್ತನದಲ್ಲಿ ತಲೆಯೆತ್ತಬಹುದಾದ್ದರಿಂದ, ಸ್ವಿಚಿಂಗ್ ಆವರ್ತನವನ್ನು (ಸ್ವಿಚ್‌ಗಳು ಸೆಕೆಂಡಿಗೆ ಎಷ್ಟು ಬಾರಿ ಆನ್-ಆಫ್ ಆಗುತ್ತವೆ ಎಂಬುದನ್ನು) ಅರ್ಧಕ್ಕೆ ಇಳಿಸಿ ನೋಡುವುದು ಒಳ್ಳೆಯದು. ಏರಿಳಿತವೂ ಗಣನೀಯವಾಗಿ ತಗ್ಗಿದರೆ ದೋಷ ಇನ್ವರ್ಟರಿನದು. ಇದ್ದಂತೆಯೇ ಇದ್ದರೆ ಮೋಟಾರಿನದು.

ಇನ್ವರ್ಟರಿನ ಒಂದು ಕಾಲಿನಲ್ಲಿರುವ, ಅಂದರೆ ಒಂದು ಫೇಸನ್ನು ನಡೆಸುವ ಜೋಡಿಯಲ್ಲಿರುವ, ಮೇಲಿನ ಮತ್ತು ಕೆಳಗಿನ ಸ್ವಿಚ್‌ಗಳು ಒಟ್ಟಿಗೆ ಆನ್ ಆದರೆ ಇನ್ವರ್ಟರಿಗೆ ವಿದ್ಯುತ್ ಕೊಡುವ ಡಿಸಿ ಬಸ್ ನೇರವಾಗಿ ಶಾರ್ಟ್ ಆಗುತ್ತದೆ. ಅದನ್ನು ತಪ್ಪಿಸಲು ಒಂದನ್ನು ಆಫ್ ಮಾಡಿ ಇನ್ನೊಂದನ್ನು ಆನ್ ಮಾಡುವ ನಡುವೆ ಅಲ್ಪ ಕಾಲ ಎರಡನ್ನೂ ಆಫ್ ಇಡುತ್ತೇವೆ. ಇದೇ ಡೆಡ್ ಟೈಮ್. ಈ ಅವಧಿಯಲ್ಲಿ ಔಟ್‌ಪುಟ್ ವೋಲ್ಟೇಜನ್ನು ನಿರ್ಧರಿಸುವುದು ನಿಯಂತ್ರಕವಲ್ಲ, ಪ್ರವಾಹದ ದಿಕ್ಕು. ಪ್ರವಾಹವು ಮೋಟಾರಿನ ಕಡೆಗೆ ಹರಿಯುತ್ತಿದ್ದರೆ ಕೆಳಗಿನ ಡಯೋಡ್ ಅದನ್ನು ಹೊರುತ್ತದೆ ಮತ್ತು ವೋಲ್ಟೇಜ್ ಕಳೆದುಹೋಗುತ್ತದೆ. ಪ್ರವಾಹ ಒಳಮುಖವಾಗಿದ್ದರೆ ಮೇಲಿನ ಡಯೋಡ್ ಹೊರುತ್ತದೆ ಮತ್ತು ಕೇಳದ ವೋಲ್ಟೇಜ್ ಸೇರಿಕೊಳ್ಳುತ್ತದೆ. ಹೇಗಾದರೂ ಈ ದೋಷವು ಸದಾ ಪ್ರವಾಹವನ್ನು ವಿರೋಧಿಸುತ್ತದೆ.

ಬಸ್ 300 ವೋಲ್ಟ್, ಸ್ವಿಚಿಂಗ್ ಆವರ್ತನ 10 ಕಿಲೋಹರ್ಟ್ಸ್ ಮತ್ತು ಡೆಡ್ ಟೈಮ್ 2 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಂದು ಸ್ವಿಚಿಂಗ್ ಅವಧಿಯ ನೂರು ಮೈಕ್ರೋಸೆಕೆಂಡಿನಲ್ಲಿ ಎರಡು, ಅಂದರೆ ಶೇಕಡಾ 2. ಪ್ರತಿ ಕಾಲಿನಲ್ಲೂ ಸರಾಸರಿ 6 ವೋಲ್ಟ್ ದೋಷ. ಪೂರ್ಣ ವೇಗದಲ್ಲಿ ಇದು ನಗಣ್ಯ. ಆದರೆ ನಿಧಾನ ವೇಗದಲ್ಲಿ ಮೋಟಾರಿಗೆ ಬೇಕಾಗುವ ಒಟ್ಟು ವೋಲ್ಟೇಜೇ ಕೆಲವು ವೋಲ್ಟ್‌ಗಳಾಗಿರುವುದರಿಂದ ದೋಷವು ಆಜ್ಞೆಗೆ ಸರಿಸಮನಾಗಿ ನಿಲ್ಲುತ್ತದೆ. ಪ್ರವಾಹದ ಚಿಹ್ನೆ ಬದಲಾದಾಗಲೆಲ್ಲ ಅದೂ ಬದಲಾಗುವ ಚೌಕ ಅಲೆಯಾದ್ದರಿಂದ ಅದರಲ್ಲಿ 5, 7, 11, 13ನೇ ಹಾರ್ಮೋನಿಕ್‌ಗಳು (ವಿದ್ಯುತ್ ಆವರ್ತನದ ಅಷ್ಟು ಪಟ್ಟಿನ ಅಲೆಗಳು) ಇರುತ್ತವೆ. 5 ಮತ್ತು 7ನೆಯವೆರಡೂ ರೋಟರ್ ಜೊತೆ ತಿರುಗುವ ಅಕ್ಷಗಳಲ್ಲಿ ಆರನೆಯದಾಗಿ ಕಾಣಿಸುತ್ತವೆ. ಆರು ಪಟ್ಟಿನ ಏರಿಳಿತದ ಮೂಲ ಇದೇ.

ಪರಿಹಾರ ಸರಳವೆಂದು ತೋರುತ್ತದೆ: ಪ್ರವಾಹ ಧನವಾಗಿದ್ದರೆ 6 ವೋಲ್ಟ್ ಕೂಡಿಸುವುದು, ಋಣವಾಗಿದ್ದರೆ ಕಳೆಯುವುದು. ಎಷ್ಟೋ ಡ್ರೈವ್‌ಗಳಲ್ಲಿ ಇಷ್ಟೇ ಬರೆದಿರುತ್ತದೆ, ಮತ್ತು ಎಷ್ಟೋ ಡ್ರೈವ್‌ಗಳು ಇದರಿಂದ ಕೆಡುತ್ತವೆ. ತೊಂದರೆ ಇರುವುದು ಪ್ರವಾಹ ಸೊನ್ನೆಯನ್ನು ದಾಟುವ ಜಾಗದಲ್ಲಿ. ಅಲ್ಲಿ ಮಾಪನದ ಗದ್ದಲದಿಂದಾಗಿ ಚಿಹ್ನೆ ಅತ್ತಿತ್ತ ಹೊಯ್ದಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ವಿಚ್‌ಗಳ ಪರಾವಲಂಬಿ ಕೆಪಾಸಿಟೆನ್ಸ್‌ನಿಂದಾಗಿ ದೋಷವು ಅಲ್ಲಿ ನಿಜಕ್ಕೂ 6 ವೋಲ್ಟ್ ಇರುವುದೇ ಇಲ್ಲ. ಒಟ್ಟು ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್ ಆಗಿದ್ದರೆ, 0.15 ಆಂಪಿಯರ್ ಪ್ರವಾಹವು ಅದನ್ನು 300 ವೋಲ್ಟ್‌ವರೆಗೆ ಒಯ್ಯಲು 2 ಮೈಕ್ರೋಸೆಕೆಂಡ್, ಅಂದರೆ ಇಡೀ ಡೆಡ್ ಟೈಮ್ ಬೇಕು. ಅದಕ್ಕೂ ಕಡಿಮೆ ಪ್ರವಾಹದಲ್ಲಿ ವೋಲ್ಟೇಜ್ ಅರ್ಧ ದಾರಿಯಲ್ಲೇ ಇರುತ್ತದೆ. ಹೀಗಾಗಿ ನಿಜವಾದ ದೋಷದ ರೇಖೆ ಮೆಟ್ಟಿಲಿನಂತೆ ನೆಗೆಯದೆ, ಸೊನ್ನೆಯಿಂದ ಇಳಿಜಾರಾಗಿ ಏರಿ ಆಮೇಲೆ ಸಮತಟ್ಟಾಗುತ್ತದೆ.

ಆ ರೇಖೆಯನ್ನು ಡೇಟಾಶೀಟಿನಿಂದ ಲೆಕ್ಕ ಹಾಕುವುದಕ್ಕಿಂತ ಡ್ರೈವಿನಿಂದಲೇ ಅಳೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮೋಟಾರು ನಿಂತಿರುವಾಗ, ಒಂದು ಫೇಸಿನ ಪ್ರವಾಹ ಸೊನ್ನೆಯಾಗಿ ಉಳಿದೆರಡರಲ್ಲಿ ಸಮ ಪ್ರಮಾಣದ ವಿರುದ್ಧ ಪ್ರವಾಹ ಹರಿಯುವ ಕೋನದಲ್ಲಿ ಡಿಸಿ ಪ್ರವಾಹವನ್ನು ಹಂತಹಂತವಾಗಿ ಏರಿಸುತ್ತಾ, ಪ್ರತಿ ಹಂತದಲ್ಲೂ ಪ್ರವಾಹ ನಿಯಂತ್ರಕ ಕೇಳುವ ವೋಲ್ಟೇಜನ್ನು ದಾಖಲಿಸಬೇಕು. ಎರಡೂ ಕಾಲುಗಳು ರೇಖೆಯ ಒಂದೇ ಬಿಂದುವಿನಲ್ಲಿ ಇರುವುದರಿಂದ ಈ ಕೋನದಲ್ಲಿ ಮಾಪನ ಶುದ್ಧವಾಗಿ ಸಿಗುತ್ತದೆ. ಹೆಚ್ಚು ಪ್ರವಾಹದ ಭಾಗದಲ್ಲಿ ಬಿಂದುಗಳು ನೇರ ಗೆರೆಯಾಗುತ್ತವೆ. ಅದರ ಇಳಿಜಾರು ವೈಂಡಿಂಗ್ ಮತ್ತು ಸ್ವಿಚ್‌ಗಳ ಒಟ್ಟು ರೋಧ. ಅದನ್ನು ಕಳೆದ ಮೇಲೆ ಉಳಿಯುವುದೇ ದೋಷದ ರೇಖೆ. ಅದನ್ನು ಕೋಷ್ಟಕವಾಗಿ ಇಟ್ಟುಕೊಂಡು, ಬಸ್ ವೋಲ್ಟೇಜಿಗೆ ಅನುಗುಣವಾಗಿ ಹಿಗ್ಗಿಸಿ ಕುಗ್ಗಿಸಿ ಬಳಸಬಹುದು.

ಕೋಷ್ಟಕದ ಬೆಲೆಯನ್ನು ಪೂರ್ತಿಯಾಗಿ ಕೂಡಿಸುವುದಕ್ಕಿಂತ ತುಸು ಕಡಿಮೆ ಕೂಡಿಸುವುದು ಲೇಸು. ದೋಷವು ಪ್ರವಾಹವನ್ನು ವಿರೋಧಿಸುವಂತೆ ಪರಿಹಾರವು ಪ್ರವಾಹದ ದಿಕ್ಕಿಗೇ ತಳ್ಳುತ್ತದೆ. ಅದು ಹೆಚ್ಚಾದರೆ ಋಣ ರೋಧದಂತೆ ವರ್ತಿಸಿ, ಮೊದಲು ಇಲ್ಲದ ಆಂದೋಲನವನ್ನು ತಾನೇ ಹುಟ್ಟಿಸುತ್ತದೆ. ಕೋಷ್ಟಕಕ್ಕೆ ಅಳೆದ ಪ್ರವಾಹದ ಬದಲು ಪ್ರವಾಹದ ಆಜ್ಞೆಯನ್ನು ಕೊಟ್ಟರೆ ಗದ್ದಲದ ಕಾಟವೂ ತಪ್ಪುತ್ತದೆ. ಆಗ ಒಂದೂವರೆ ಸ್ವಿಚಿಂಗ್ ಅವಧಿಯ ವಿಳಂಬವನ್ನು ಕೋನಕ್ಕೆ ಸೇರಿಸಬೇಕು: 4 ಹರ್ಟ್ಸ್‌ನಲ್ಲಿ ಅದು ಲೆಕ್ಕಕ್ಕಿಲ್ಲ, ಆದರೆ 400 ಹರ್ಟ್ಸ್‌ನಲ್ಲಿ 21.6 ಡಿಗ್ರಿಯಾಗುತ್ತದೆ.

ಉಳಿದ ಅಲ್ಪ ದೋಷವನ್ನು ಆರನೇ ಹಾರ್ಮೋನಿಕ್‌ಗೆ ಹೊಂದಿಸಿದ ಅನುರಣಕ ನಿಯಂತ್ರಕ (ಆ ಒಂದು ಆವರ್ತನದಲ್ಲಷ್ಟೇ ಬಲವಾಗಿ ಕೆಲಸ ಮಾಡುವಂಥದ್ದು) ನೋಡಿಕೊಳ್ಳಬಲ್ಲದು. ಆದರೆ ವೇಗ ಏರಿದಂತೆ ಆರು ಪಟ್ಟು ಆವರ್ತನವು ಪ್ರವಾಹ ನಿಯಂತ್ರಕದ ಬ್ಯಾಂಡ್‌ವಿಡ್ತ್ ಅನ್ನು ಮೀರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳಲ್ಲಿ ಡೆಡ್ ಟೈಮ್ ಚಿಕ್ಕದು ನಿಜ; ಆದರೆ ಸ್ವಿಚಿಂಗ್ ಆವರ್ತನವನ್ನೂ ಅದೇ ಪ್ರಮಾಣದಲ್ಲಿ ಏರಿಸಿದರೆ ದೋಷದ ಪಾಲು ಮೊದಲಿನಷ್ಟೇ ಉಳಿಯುತ್ತದೆ.

ಸೆನ್ಸರ್ ಇಲ್ಲದ ಡ್ರೈವ್‌ಗಳಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ರೋಟರಿನ ಕೋನವನ್ನು ಅಂದಾಜಿಸುವ ಅಬ್ಸರ್ವರ್‌ಗೆ ಕೊಡಬೇಕಾದದ್ದು ಪರಿಹಾರವನ್ನು ಕೂಡಿಸುವ ಮೊದಲಿನ ವೋಲ್ಟೇಜ್ ಆಜ್ಞೆ. ಪರಿಹಾರ ಸರಿಯಿದ್ದಾಗ ಮೋಟಾರಿಗೆ ನಿಜವಾಗಿ ತಲುಪುವುದು ಅದೇ. ಕೂಡಿಸಿದ ಮೇಲಿನ ಬೆಲೆಯನ್ನು ಕೊಟ್ಟರೆ, ಮೋಟಾರಿನಿಂದ ತೆಗೆದುಹಾಕಿದ 6 ವೋಲ್ಟ್ ದೋಷವು ಅಬ್ಸರ್ವರ್‌ನ ಒಳಗೆ ಹಾಗೆಯೇ ಉಳಿಯುತ್ತದೆ.