ಪದ ಪರಿಚಯ: ಪ್ಲಗ್ ಗ್ಯಾಪ್

‘ಸಾರ್, ಪ್ಲಗ್ ಗ್ಯಾಪ್ ಜಾಸ್ತಿ ಆಗಿದೆ, ಬದಲಾಯಿಸಿಬಿಡೋಣ.’ ಪೆಟ್ರೋಲ್ ಕಾರು ಇಟ್ಟುಕೊಂಡವರು ಗ್ಯಾರೇಜಿನಲ್ಲಿ ಒಂದಲ್ಲ ಒಂದು ದಿನ ಈ ಮಾತು ಕೇಳಿರುತ್ತಾರೆ. ತಲೆ ಆಡಿಸಿ ದುಡ್ಡು ಕೊಟ್ಟು ಬಂದಿರುತ್ತಾರೆ. ಈ ಗ್ಯಾಪ್ ಅಂದರೆ ಏನು, ಅದು ಯಾಕೆ ಜಾಸ್ತಿ ಆಗುತ್ತದೆ ಅಂತ ಒಂದು ಸಲ ತಿಳಿದುಕೊಂಡರೆ ಸಾಕು, ಪ್ಲಗ್ ಯಾವಾಗ ಬದಲಾಯಿಸಬೇಕು ಅನ್ನೋದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಸ್ಪಾರ್ಕ್ ಪ್ಲಗ್ ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸುವ ವಸ್ತು. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಥ್ರೆಡ್ ಇರುವ ಲೋಹದ ಮೈ. ತುದಿಯಲ್ಲಿ ನೋಡಿದರೆ ನಡುವೆ ನೆಟ್ಟಗೆ ನಿಂತ ಒಂದು ಪುಟ್ಟ ಕಡ್ಡಿ, ಅದರ ಮೇಲೆ ಕೊಕ್ಕೆ ಹಾಗೆ ಬಾಗಿದ ಇನ್ನೊಂದು ಪಟ್ಟಿ. ಇವೆರಡೂ ಒಂದಕ್ಕೊಂದು ತಾಗುವುದಿಲ್ಲ. ಮಧ್ಯೆ ಬಿಟ್ಟಿರುವ ಆ ಸಂದಿಯೇ ಗ್ಯಾಪ್. ಸಾಮಾನ್ಯವಾಗಿ 0.7ರಿಂದ 1.1 ಮಿಲಿಮೀಟರ್ ಅಷ್ಟೇ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ, 20,000 ದಾಟುವುದೂ ಉಂಟು. ಆ ಒತ್ತಡ ತಡೆಯಲಾರದೆ ಕರೆಂಟ್ ಸಂದಿಯನ್ನು ಹಾರಿ ದಾಟುತ್ತದೆ. ಅದೇ ಕಿಡಿ. ಪೆಟ್ರೋಲು, ಗಾಳಿ ಬೆರೆತದ್ದು ಅದರಿಂದ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿರುವುದು ಹೀಟರ್ ಪ್ಲಗ್, ಅದರ ಕೆಲಸವೇ ಬೇರೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ, ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಕಿಡಿ ಬೇಕು. ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದೊಂದು ಪ್ಲಗ್ 1,000 ಸಲ ಕಿಡಿ ಹಾರಿಸಿರುತ್ತದೆ. 40,000 ಕಿಲೋಮೀಟರ್‌ಗೆ 4 ಕೋಟಿ! ಪ್ರತಿ ಕಿಡಿಗೂ ಲೋಹದ ಕಣ್ಣಿಗೆ ಕಾಣದಷ್ಟು ಅಂಶ ಕರಗಿ ಹೋಗುತ್ತದೆ. ಚೂಪಾಗಿದ್ದ ಅಂಚು ಮೊಂಡಾಗುತ್ತದೆ, ಸಂದಿ ಅಗಲವಾಗುತ್ತದೆ. ಅಗಲವಾದ ಸಂದಿ ದಾಟಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು, ಅದನ್ನು ಕೊಡುವಷ್ಟು ದಿನ ಕಾಯಿಲ್ ಕೊಡುತ್ತದೆ, ಆಮೇಲೆ ಅದೂ ಸೋಲುತ್ತದೆ. ಸವೆದ ಪ್ಲಗ್‌ನ ಭಾರವೆಲ್ಲ ಬೀಳುವುದು ಕಾಯಿಲ್ ಮೇಲೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ನೆನಪಿಡಬೇಕಾದ ಮಾತು ಇದೇ, ಯಾಕಂದರೆ ಕಾಯಿಲ್‌ನ ಬೆಲೆ ಪ್ಲಗ್‌ನ ಬೆಲೆಗಿಂತ ಎಷ್ಟೋ ಪಟ್ಟು.

ನನಗೆ ಇದು ಗೊತ್ತಾಗಿದ್ದು ಶಿರಾಡಿ ಘಾಟಿಯಲ್ಲಿ. ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುತ್ತಿದ್ದೆವು. ಕಾರಿನಲ್ಲಿ ಐದು ಜನ, ಹಿಂದೆ ಲಗೇಜು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಮುಗ್ಗರಿಸುತ್ತಿತ್ತು, ಬಿಟ್ಟರೆ ಸರಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಚೆಕ್ ಎಂಜಿನ್ ದೀಪ ಮಿಣಮಿಣ ಅನ್ನತೊಡಗಿತು. ಸಕಲೇಶಪುರದಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಬಂದ ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲು ಸರಿಯಾಗಿ ಹೊತ್ತುತ್ತಿಲ್ಲ ಅಂತ. ಕಾರು ಓಡಿದ್ದು 52,000 ಕಿಲೋಮೀಟರ್. ಒಳಗಿದ್ದದ್ದು ಕಂಪನಿಯಿಂದ ಬಂದ ನಿಕಲ್ ಪ್ಲಗ್‌ಗಳೇ. ಹಿಂದಿನ ಸರ್ವೀಸ್‌ನಲ್ಲಿ ಬಿಲ್ ತುಂಬ ‘ಪ್ಲಗ್ ಕ್ಲೀನಿಂಗ್’ ಅಂತ ಬರೆದಿದ್ದರೇ ಹೊರತು ಬದಲಾಯಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಆ ಪ್ಲಗ್‌ನ ಗ್ಯಾಪ್ 1.1 ದಾಟಬಾರದಿತ್ತು. 1.3ರ ಗೇಜ್ ತಂತಿ ಅದರಲ್ಲಿ ಆರಾಮಾಗಿ ಓಡಾಡಿತು. ಒಂದು ಕಾಯಿಲನ್ನೂ ಜೊತೆಗೇ ಬದಲಾಯಿಸಬೇಕಾಯಿತು.

ಆ ದೀಪ ಸುಮ್ನೆ ಉರಿಯುತ್ತಿದ್ದರೆ ಆದಷ್ಟು ಬೇಗ ತೋರಿಸಿ. ಮಿಣುಕುತ್ತಿದ್ದರೆ ಮಾತ್ರ ಕಾರನ್ನು ಜೋರಾಗಿ ಓಡಿಸಲೇಬೇಡಿ. ಸುಡದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ, ಅಲ್ಲಿ ಹೊತ್ತಿ, ಅದನ್ನೇ ಹಾಳು ಮಾಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಸಿಗ್ನಲ್‌ನಲ್ಲಿ ನಿಂತಾಗ ಕಾರು ನಡುಗುವುದು, ಪಿಕಪ್ ಇಳಿಯುವುದು, ಮೈಲೇಜ್ ಬೀಳುವುದು ಇವೂ ಪ್ಲಗ್ ಕಡೆ ಕೈ ತೋರಿಸುತ್ತವೆ. ಆದರೆ ಇವೆಲ್ಲ ಬರುವ ತನಕ ಕಾಯುವುದೇ ತಪ್ಪು.

ಹಾಗಾದರೆ ಯಾವಾಗ? ಪ್ಲಗ್ ಯಾವ ಲೋಹದ್ದು ಅನ್ನೋದರ ಮೇಲೆ ಹೋಗುತ್ತದೆ. ನಿಕಲ್ ಪ್ಲಗ್ ಆದರೆ ಸುಮಾರು 30,000ದಿಂದ 40,000 ಕಿಲೋಮೀಟರ್. ‘ಕಾಪರ್ ಪ್ಲಗ್’ ಅಂತ ಅಂಗಡಿಯಲ್ಲಿ ಕೊಡುವುದೂ ಇದೇ. ತಾಮ್ರ ಒಳಗಿನ ತಿರುಳಿನಲ್ಲಿರುತ್ತದೆ, ಕಿಡಿ ಹಾರುವ ತುದಿ ಮಾತ್ರ ನಿಕಲ್ ಮಿಶ್ರಲೋಹವೇ. ಇರಿಡಿಯಂ ಪ್ಲಗ್ ಆದರೆ ಹಲವು ಕಾರುಗಳಲ್ಲಿ 1,00,000 ಕಿಲೋಮೀಟರ್ ತನಕ ಬರುತ್ತದೆ. ನಿಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿ ದಾಟಬೇಕು. ಅದಕ್ಕೇ ಅದರ ತುದಿಯನ್ನು ಸೂಜಿಯಷ್ಟು ಸಣ್ಣ ಮಾಡಿದರೂ ಬೇಗ ಸವೆಯುವುದಿಲ್ಲ. ಪ್ಲಾಟಿನಂ ಇವೆರಡರ ನಡುವೆ. ಟರ್ಬೊ ಎಂಜಿನ್‌ನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಜಾಸ್ತಿ, ಸಿಎನ್‌ಜಿ ಹೊತ್ತಿಸಲು ಬೇಕಾದ ವೋಲ್ಟೇಜ್ ಜಾಸ್ತಿ. ಹಾಗಾಗಿ ಇವೆರಡರಲ್ಲೂ ಪ್ಲಗ್ ಬೇಗ ಸೋಲುತ್ತದೆ. ನಿಮ್ಮ ಕಾರಿನ ಸರಿಯಾದ ಸಂಖ್ಯೆ ಮ್ಯಾನ್ಯುಯಲ್‌ನ ಸರ್ವೀಸ್ ಪಟ್ಟಿಯಲ್ಲಿದೆ. ಅದೇ ಕೊನೆ ಮಾತು.

ಪ್ಲಗ್ ಉಜ್ಜಿ ಮತ್ತೆ ಹಾಕುವ ಅಭ್ಯಾಸ ಕಾರ್ಬೊರೇಟರ್ (ಪೆಟ್ರೋಲು, ಗಾಳಿ ಬೆರೆಸುತ್ತಿದ್ದ ಹಳೆಯ ಸಾಧನ) ಕಾಲದ್ದು. ಬೆಂಗಳೂರಿಗಂತೂ ಪ್ಲಗ್ ಜೊತೆ ಹಳೆಯ ನಂಟಿದೆ. 1951ರಲ್ಲಿ ಶುರುವಾದ ಮೈಕೋ ಕಂಪನಿ ಇಲ್ಲಿಯೇ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು, ಮೈಕೋ ಲೇಔಟ್‌ಗೆ ಹೆಸರು ಬಂದಿದ್ದೂ ಅದರಿಂದಲೇ. ಆಗಿನ ಮೆಕ್ಯಾನಿಕ್‌ಗಳು ಮಸಿ ಹಿಡಿದ ಪ್ಲಗ್ಗನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಹ್ಯಾಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ಅಳೆಯುತ್ತಿದ್ದರು. ಆ ಎಂಜಿನ್‌ಗಳಿಗೆ ಅದು ಸರಿಯಾಗಿತ್ತು. ಇರಿಡಿಯಂ ತುದಿಗೆ ವೈರ್ ಬ್ರಷ್ ಹಾಕಿದರೆ, ಕೊಕ್ಕೆಯನ್ನು ತಟ್ಟಿ ಬಗ್ಗಿಸಿದರೆ ಆ ತುದಿಯೇ ಮುರಿಯಬಹುದು. ಹಳೆಯ ವಿದ್ಯೆಯನ್ನು ಇಲ್ಲಿ ತರಬೇಡಿ.

ಬದಲಾಯಿಸುವ ಕೆಲಸ ಬಹುಪಾಲು ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಮನೆಯಲ್ಲೇ ಆಗುವಂಥದ್ದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿಯಿದ್ದಾಗ ಅಲ್ಯೂಮಿನಿಯಂ ಹೆಡ್‌ನ (ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗ) ಥ್ರೆಡ್ ಕಿತ್ತು ಬರುವ ಅಪಾಯವಿದೆ. ಕಾಯಿಲ್‌ನ ಕನೆಕ್ಟರ್ ಬಿಡಿಸಿ, ಬೋಲ್ಟ್ ತೆಗೆದು (ಹೆಚ್ಚಾಗಿ 10 ನಂಬರ್ ಸ್ಪ್ಯಾನರ್ ಸಾಕು), ಕಾಯಿಲನ್ನು ಸ್ವಲ್ಪ ತಿರುಗಿಸಿ ಮೇಲಕ್ಕೆ ಎಳೆಯಿರಿ. ಪ್ಲಗ್ ಕೂತಿರುವ ಗುಂಡಿಯಲ್ಲಿ ಧೂಳು, ಮರಳು ಇರುತ್ತದೆ. ಗಾಳಿ ಊದಿ ಅದನ್ನು ಹೊರಗೆ ಹಾಕದೆ ಪ್ಲಗ್ ಬಿಚ್ಚಿದಿರೋ, ಅಷ್ಟೂ ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಆಮೇಲೆ ಪ್ಲಗ್ ಸಾಕೆಟ್ ಹಾಕಿ ಎಡಕ್ಕೆ ತಿರುಗಿಸಿ ಬಿಚ್ಚಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ.

ಹೊಸ ಪ್ಲಗ್ ನೆಲಕ್ಕೆ ಬಿದ್ದರೆ ಹಾಕಬೇಡಿ, ಪಿಂಗಾಣಿ ಒಳಗೆ ಬಿರುಕು ಬಿಟ್ಟಿರಬಹುದು. ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ಆಗಬೇಕು, ರ‍್ಯಾಚೆಟ್ ಮುಟ್ಟಲೇಬೇಡಿ. ಗುಂಡಿ ಆಳವಾಗಿದ್ದರೆ ಒಂದು ಗೇಣುದ್ದ ರಬ್ಬರ್ ಪೈಪನ್ನು ಪ್ಲಗ್‌ನ ತಲೆಗೆ ಸಿಕ್ಕಿಸಿ ತಿರುಗಿಸಿ. ಥ್ರೆಡ್ ಸೊಟ್ಟಗೆ ಹಿಡಿದರೆ ಪೈಪ್ ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ, ಹಾಗಾಗಿ ಥ್ರೆಡ್ ಉಳಿಯುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಯಾರೂ ಕಲಿಸಿಲ್ಲ. ಪೂರ್ತಿ ಕೂತ ಮೇಲೆ ಟಾರ್ಕ್ ರೆಂಚ್ ಇದ್ದರೆ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ. ಇಲ್ಲದಿದ್ದರೆ, 14 ಮಿಲಿಮೀಟರ್ ಥ್ರೆಡ್‌ನ, ವಾಷರ್ ಇರುವ ಹೊಸ ಪ್ಲಗ್‌ಗೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಸುತ್ತು ಸಾಕು. ಹೊಸ ವಾಷರ್ ಚಪ್ಪಟೆಯಾಗುವುದು ಕೈಗೇ ಗೊತ್ತಾಗುತ್ತದೆ. ಥ್ರೆಡ್‌ಗೆ ಗ್ರೀಸು, ಎಣ್ಣೆ ಹಚ್ಚಬೇಡಿ, ಗೊತ್ತಿಲ್ಲದೆ ಅತಿಯಾಗಿ ಬಿಗಿಯಾಗುತ್ತದೆ.

ಬಿಚ್ಚಿದ ಪ್ಲಗ್‌ಗಳನ್ನು ಯಾವ ಸಿಲಿಂಡರಿನದು ಅಂತ ಸಾಲಾಗಿ ಇಟ್ಟು ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಇಲ್ಲವೇ ಕಾರು ಬರೀ ಹತ್ತಿರದ ಓಡಾಟದಲ್ಲಿದೆ. ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ತೋರಿಸಿ. ತುದಿ ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ದರೆ ಅತಿ ಬಿಸಿಯಾಗಿದೆ. ಹೊರಗಿನ ಬಿಳಿ ಪಿಂಗಾಣಿಯ ಬುಡದಲ್ಲಿ ಕಂದು ಬಳೆ ಹಾಗೆ ಕಲೆ ಕಂಡರೆ ಗಾಬರಿ ಬೇಡ. ಅದು ಹೊಗೆ ಸೋರಿದ್ದಲ್ಲ, ಹೈ ವೋಲ್ಟೇಜ್ ಸುತ್ತಲಿನ ಎಣ್ಣೆಯ ಕಣಗಳನ್ನು ಎಳೆದುಕೊಂಡು ಅಂಟಿಸಿದ ಕಲೆ ಅಷ್ಟೇ.

ಹೊಸ ಪ್ಲಗ್ ತರುವಾಗ ಹಳೆಯದರ ಮೇಲಿರುವ ನಂಬರನ್ನು ಪೂರ್ತಿ ತೋರಿಸಿ ತನ್ನಿ. ಆ ನಂಬರಿನಲ್ಲೇ ಥ್ರೆಡ್ ಅಳತೆ, ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಅನ್ನೋದು) ಎಲ್ಲ ಅಡಗಿರುತ್ತದೆ. ಇರಿಡಿಯಂ ಹೆಸರಿನಲ್ಲಿ ನಕಲಿ ಮಾಲು ಬರುತ್ತದೆ, ಅದಕ್ಕೇ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ಕೆಲಸ ಮುಗಿದ ಮೇಲೆ ನಾನು ಮಾಡುವುದು ಇಷ್ಟು: ಖಾಲಿ ಪ್ಲಗ್ ಡಬ್ಬಿಯ ಮೇಲೆ ಆ ದಿನದ ಕಿಲೋಮೀಟರ್ ಬರೆದು, ಆರ್‌ಸಿ ಜೊತೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತೇನೆ.