ಪಿನ್ ಎಲ್ಲರದ್ದು, ಡಬ್ಬಿ ಕಂಪನಿಯದ್ದು

ಹೋದ ತಿಂಗಳು ಮುಂಬೈ ಮುಲುಂಡಿನ ನಮ್ಮ ಮನೆಯಲ್ಲಿ ನೆಟ್ ಕಂಪನಿ ಬದಲಾಯಿಸಿದೆವು. ಹಳೆಯವರು ಬಂದು ಫೈಬರ್ ತಂತಿ ಬಂದು ಸೇರುವ ನೆಟ್ ಡಬ್ಬಿ ಬಿಚ್ಚಿಕೊಂಡು ಹೋದರು. ಹೊಸಬರು ಅದೇ ತರದ್ದು ಇನ್ನೊಂದು ತಂದು ಗೋಡೆಗೆ ಹೊಡೆದರು. ಪಕ್ಕದ ಮನೆಯ ಶೆಟ್ಟರು ಚಾ ಕುಡಿಯುತ್ತಾ ಕೇಳಿದರು: "ಅಲ್ಲ ಮಾರಾಯ್ರೇ, ಕರೆಂಟ್ ಕಂಪನಿ ಯಾವುದಾದ್ರೂ ಮಿಕ್ಸಿ ತಿರುಗ್ತದೆ. ಇದಕ್ಕೇನು ರೋಗ?"

ರೋಗ ಹಳೆಯದು. ಆದರೆ ಹುಟ್ಟಿನಿಂದ ಬಂದದ್ದಲ್ಲ.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಆಗ ಕಂಪನಿ ಒಂದೇ, ಆದರೆ ಫೋನ್ ತಂತಿಗೆ ಕಂಪ್ಯೂಟರ್ ಜೋಡಿಸುವ ಡಬ್ಬಿ, ಅಂದರೆ ಮೋಡೆಮ್, ನಮ್ಮದು. ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಚೌಕಾಸಿ ಮಾಡಿ, ಬೇಕಾದ್ದನ್ನು ತರಬಹುದಿತ್ತು. ಫೋನ್ ತಂತಿಯ ಮೇಲೆ ಮೋಡೆಮ್‌ಗಳು ಹೇಗೆ ಕಿರುಚಬೇಕು ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಬರೆದಿಟ್ಟ ನಿಯಮ ಎಲ್ಲ ತಯಾರಕರಿಗೂ ಒಂದೇ. 1998ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಇನ್ನೂ ಮಜಾ. ತಂತಿ ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್‌ನದ್ದೇ, ಡಯಲ್ ಮಾಡುವ ನಂಬರ್ ಬದಲಾಯಿಸಿದರೆ ನೆಟ್ ಕಂಪನಿಯೇ ಬದಲು. ನಿಧಾನ ಅನ್ನೋದು ನಿಜ. ಒಂದು ಫೋಟೋ ಇಳಿಯುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗುತ್ತಿತ್ತು. ಆದರೆ ಅಷ್ಟು ಸುಲಭದ ಆಯ್ಕೆ ಮತ್ತೆ ಸಿಗಲಿಲ್ಲ.

ಕೆಟ್ಟದ್ದು ಬ್ರಾಡ್‌ಬ್ಯಾಂಡ್ ಬಂದಾಗ. ಫೋನ್ ತಂತಿಯಲ್ಲೇ ವೇಗದ ನೆಟ್ ತರುವ ಎಡಿಎಸ್‌ಎಲ್‌ಗೆ ಆ ತಂತಿಯ ಇನ್ನೊಂದು ತುದಿಯಲ್ಲಿ, ಅಂದರೆ ಟೆಲಿಫೋನ್ ಎಕ್ಸ್‌ಚೇಂಜ್ ಒಳಗೆ, ಒಂದು ಯಂತ್ರ ಕೂರಬೇಕು. ಎಕ್ಸ್‌ಚೇಂಜ್ ಯಾರದ್ದೋ, ಗಿರಾಕಿಯೂ ಅವರದ್ದೇ. ಆ ತಾಮ್ರದ ತಂತಿಯನ್ನು ಬೇರೆಯವರಿಗೂ ಬಾಡಿಗೆಗೆ ಬಿಡಬೇಕು ಅಂತ 2004ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಶಿಫಾರಸು ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ. ನೀವು ನೀವೇ ಮಾತಾಡಿಕೊಳ್ಳಿ ಅಂದಿತು. ತಂತಿ ಕೈಯಲ್ಲಿದ್ದವನು ಎದುರಾಳಿಯ ಜೊತೆ ಯಾಕೆ ಮಾತಾಡುತ್ತಾನೆ? ಅಂದಹಾಗೆ, ಆ ನೀತಿಯ ಲೆಕ್ಕದಲ್ಲಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್!

ಮುಂಬೈ ಕಾಯುತ್ತಾ ಕೂರಲಿಲ್ಲ. ಕೇಬಲ್‌ವಾಲಾಗಳು ಟೆರೇಸಿನಿಂದ ಟೆರೇಸಿಗೆ ಲ್ಯಾನ್ ವೈರ್ ಎಳೆದರು. ಆ ವೈರಿನಲ್ಲಿ ಕಂಪ್ಯೂಟರುಗಳು ಮಾತಾಡುವ ಪದ್ಧತಿ ಈಥರ್ನೆಟ್ 1983ರಿಂದಲೇ ತೆರೆದ ಸ್ಟ್ಯಾಂಡರ್ಡ್. ಹಾಗಾಗಿ ವೈರುಗಳನ್ನು ಕೂಡಿಸುವ ಸ್ವಿಚ್ ಅಗ್ಗ, ಯಾವ ಕಂಪ್ಯೂಟರಿಗಾದರೂ ಚುಚ್ಚಿದರೆ ಸಾಕು. ಮಳೆಗಾಲದಲ್ಲಿ ಸಿಡಿಲಿಗೆ ಸ್ವಿಚ್ ಸುಟ್ಟರೆ ಎರಡು ದಿನ ನೆಟ್ ಇಲ್ಲ, ಅಷ್ಟೇ. ಆದರೆ ಎಷ್ಟೋ ಕಡೆ ಒಂದು ಗಲ್ಲಿಗೆ ಒಬ್ಬನೇ ಕೇಬಲ್‌ವಾಲಾ. ವೈರ್ ಯಾರದ್ದಾದರೂ ಆಗುತ್ತಿತ್ತು, ಗಲ್ಲಿ ಮಾತ್ರ ಅವನದ್ದು.

ಇನ್ನು ಈಗಿನ ಡಬ್ಬಿ. ಮನೆಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ಪದ್ಧತಿಯದ್ದು, ಅಂದರೆ ಒಂದು ಗಾಜಿನ ಎಳೆ, ಹಲವು ಮನೆ. ಇದಕ್ಕೂ ಐಟಿಯು 2003ರಲ್ಲೇ ಸ್ಟ್ಯಾಂಡರ್ಡ್ ಮಾಡಿದೆ. ಬೆಳಕು ಒಂದೇ, ದಾರ ಒಂದೇ. ಆದರೆ ಎಕ್ಸ್‌ಚೇಂಜಿನ ಯಂತ್ರ ಮನೆಯ ಡಬ್ಬಿಗೆ ಅಪ್ಪಣೆ ಕೊಡುವ ಭಾಷೆಗೆ ತಯಾರಕರು ತಮ್ಮ ತಮ್ಮ ಒಗ್ಗರಣೆ ಹಾಕಿದರು. ಜೊತೆಗೆ, ಡಬ್ಬಿಯ ಸೀರಿಯಲ್ ನಂಬರ್ ಕಂಪನಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಕಂಪನಿಗಳ ವಾದ ಪೂರ್ತಿ ಸುಳ್ಳೇನಲ್ಲ. ಒಂದೇ ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದುಂಟು. ಒಬ್ಬೊಬ್ಬರು ಸರದಿಯಲ್ಲೇ ಬೆಳಕು ಮಿನುಗಿಸಬೇಕು. ಕೆಟ್ಟ ಡಬ್ಬಿಯೊಂದು ಸರದಿ ಮುರಿದು ಉರಿಯುತ್ತಲೇ ಇದ್ದರೆ ಉಳಿದವರ ನೆಟ್ಟೂ ಹೋಯಿತು. "ನಮ್ಮ ಸೊಸೈಟಿ ಮೀಟಿಂಗ್ ತರ," ಅಂದರು ಶೆಟ್ಟರು.

ಆದರೂ ಜರ್ಮನಿಯಲ್ಲಿ ಗಿರಾಕಿ ತನಗೆ ಬೇಕಾದ ಡಬ್ಬಿ ಹಾಕಿಕೊಳ್ಳಬಹುದು ಅನ್ನುವ ಕಾನೂನು 2016ರ ಆಗಸ್ಟಿನಿಂದ ಇದೆ. ಅಲ್ಲಿಯ ಬೆಳಕೇನು ಬೇರೆಯಲ್ಲ. ನಮ್ಮಲ್ಲಿ 2020ರಲ್ಲಿ ಟ್ರಾಯ್ ಇಂಥದೇ ಶಿಫಾರಸು ಮಾಡಿತು, ಆದರೆ ಟಿವಿಯ ಸೆಟ್‌ಟಾಪ್ ಬಾಕ್ಸಿಗೆ.

ನಿಜ ಹೇಳಬೇಕೆಂದರೆ, ನಾವು ಹಳೇ ಕಂಪನಿ ಬಿಡಲು ಎರಡು ವರ್ಷ ಹಿಡಿದದ್ದು ಡಬ್ಬಿಯಿಂದಲ್ಲ. ಸೊಸೈಟಿಯವರು ತಂತಿ ಹೋಗುವ ಡಕ್ಟಿನಲ್ಲಿ ಒಂದೇ ಕಂಪನಿಗೆ ಜಾಗ ಕೊಟ್ಟಿದ್ದರು. ಗಲಾಟೆ ಮಾಡಿದ ಮೇಲೆ ಎರಡನೆಯದು ಬಂತು, ಮೂರನೆಯದಕ್ಕೆ ಈಗಲೂ ಜಾಗವಿಲ್ಲ. ಕಟ್ಟಡದೊಳಗಿನ ನೆಟ್ ಸೌಲಭ್ಯ ನೋಡಿ ರೇಟಿಂಗ್ ಕೊಡುವ ನಿಯಮವನ್ನು ಟ್ರಾಯ್ 2024ರಲ್ಲಿ ತಂದಿದೆ. ಅದನ್ನು ಸೆಕ್ರೆಟರಿಗೆ ತೋರಿಸಿದೆ. ಮೊದಲು ಟೆರೇಸಿನ ಲೀಕೇಜ್ ಮುಗೀಲಿ, ಆಮೇಲೆ ನೋಡುವ ಅಂದರು.